ಲಿಫ್ಟ್ ಮೇಸ್ತ್ರಿ ಮೆಟ್ಟಿಲು ಹತ್ತಿದ್ದು

ಆ ವಿಮಾ ಕಚೇರಿಯ ಕಟ್ಟಡಕ್ಕೆ ಏಳು ಮಹಡಿ, ಒಂದೇ ಲಿಫ್ಟು. ಅದನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಲಿಫ್ಟ್ ಮೇಸ್ತ್ರಿ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಕೆಲಸಕ್ಕೆ ಸೇರಿದಾಗ ಕಡ್ಡಿಯಂತಿದ್ದ ಆಸಾಮಿ ಈಗ ಲಿಫ್ಟಿನೊಳಗೆ ಕಾಲಿಟ್ಟರೆ ಉಳಿದವರು ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಒರಗಬೇಕಿತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನೆಲಮಹಡಿಯಿಂದ ಮೊದಲ ಮಹಡಿಯ ಕ್ಯಾಂಟೀನಿಗೆ ಚಹಾ ಕುಡಿಯಲು ಹೋಗುವುದಕ್ಕೂ ಅವನಿಗೆ ಲಿಫ್ಟೇ ಬೇಕು. ಕುಡಿದು ಇಳಿಯುವುದಕ್ಕೂ ಅದೇ. ಯಾರಾದರೂ ಕೆಣಕಿದರೆ, "ನನ್ನ ಗಾಡಿ ಇರೋವಾಗ ನಾನ್ಯಾಕೆ ನಡೀಲಿ?" ಎಂದು ಮೀಸೆ ತಿರುವುತ್ತಿದ್ದ.

ಲಿಫ್ಟಿನ ಮೋಟಾರು ಇದ್ದದ್ದು ತಾರಸಿಯ ಮೇಲಿನ ಒಂದು ಪುಟ್ಟ ಕೋಣೆಯಲ್ಲಿ. ಅಲ್ಲಿಗೆ ಹೋಗಲು ಗೋಡೆಗೆ ಬಿಗಿದ ಕಬ್ಬಿಣದ ಏಣಿಯೊಂದೇ ದಾರಿ. ಒಂದು ಬೆಳಿಗ್ಗೆ ಆ ಏಣಿಯ ನಡುವಿನಲ್ಲಿ ಮೇಸ್ತ್ರಿಯ ಉಸಿರು ಮುಷ್ಕರ ಹೂಡಿತು. ಮೇಲೆ ಹೋಗುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ. ಗ್ರೀಸ್ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು, ಕೆನ್ನೆಯನ್ನು ಗೋಡೆಗೆ ಒತ್ತಿ, ಕಿಂಡಿಯಲ್ಲಿ ಕೂತಿದ್ದ ಪಾರಿವಾಳದ ಕಣ್ಣಲ್ಲಿ ಕಣ್ಣಿಟ್ಟು ಬಹಳ ಹೊತ್ತು ನಿಂತ. ಕೊನೆಗೆ ಪಾರಿವಾಳಕ್ಕೇ ಬೇಜಾರಾಗಿ ಹಾರಿಹೋಯಿತು.

ಈ ಸಂಗತಿಯನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲವೋ ಏನೋ. ಆದರೆ ಅವನ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅವಳಿಗೆ ಗಂಡನ ಒಳಗುಟ್ಟು ಬಾಯಿಂದಲ್ಲ, ಬಟ್ಟೆಯಿಂದ ಗೊತ್ತಾಗುತ್ತಿತ್ತು. ಅಂದು ಸಂಜೆ ಅವನ ಪ್ಯಾಂಟಿನ ಹಿಂಭಾಗದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಕತ್ತರಿ ಕೆಳಗಿಟ್ಟಳು.

"ರೀ, ಇನ್ನು ಬಿಚ್ಚೋಕೆ ಬಟ್ಟೆ ಉಳಿದಿಲ್ಲ. ಮುಂದಿನ ಸಲ ಪರದೆ ಬಟ್ಟೆಯಲ್ಲಿ ಹೊಲೀಬೇಕಾಗುತ್ತೆ."

"ಒಗೆದಾಗ ಕುಗ್ಗಿರುತ್ತೆ ಬಿಡೇ."

"ಹೌದು, ಪಾಪ. ನಿಮ್ಮ ಪ್ಯಾಂಟು ಮಾತ್ರ ಕುಗ್ಗುತ್ತೆ, ಊರೋರ ಪ್ಯಾಂಟೆಲ್ಲ ಹಾಗೇ ಇರುತ್ತೆ. ನಾಳೆ ಡಾಕ್ಟರ ಹತ್ರ ಹೊರಡಿ, ನಾನೂ ಬರ್ತೀನಿ."

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಎದೆ, ಬೆನ್ನು, ರಕ್ತ ಎಲ್ಲ ಪರೀಕ್ಷೆ ಮಾಡಿ, ಹೃದಯಕ್ಕೆ ಸದ್ಯಕ್ಕೆ ತೊಂದರೆಯಿಲ್ಲ, ಆದರೆ ಹೀಗೇ ಬಿಟ್ಟರೆ ಆಗುತ್ತದೆ ಎಂದಳು. ಓಡು, ಉಪವಾಸ ಮಾಡು ಎನ್ನುತ್ತಾಳೆಂದು ಮೇಸ್ತ್ರಿ ಬೆವರುತ್ತಿದ್ದ. ಅವಳು ಅದ್ಯಾವುದನ್ನೂ ಹೇಳಲಿಲ್ಲ.

"ದೊಡ್ಡ ಶಪಥ ಎಲ್ಲ ಬೇಡ. ವಾರದಲ್ಲಿ ಮುರಿದು ಬೀಳುತ್ತೆ, ಆಮೇಲೆ ನನ್ನ ಮುಖ ನೋಡೋಕೆ ನಿಮಗೆ ನಾಚಿಕೆ. ದಿನಾ ಹೇಗೂ ಮಾಡೋ ಕೆಲಸಕ್ಕೆ ಒಂದು ಚಿಕ್ಕದನ್ನ ಅಂಟಿಸಿ. ಬೆಳಿಗ್ಗೆ ಕಚೇರಿಗೆ ಹೋಗ್ತೀರಲ್ಲ, ಒಂದು ಮಹಡಿ ಮೆಟ್ಟಿಲು ಹತ್ತಿ. ಅಲ್ಲಿಂದ ಬೇಕಾದ್ರೆ ಲಿಫ್ಟಲ್ಲಿ ಹೋಗಿ. ಅದು ಸುಲಭ ಆಯ್ತು ಅನ್ನಿಸಿದ ಮೇಲೆ ಇನ್ನೊಂದು ಮಹಡಿ."

ಮೇಸ್ತ್ರಿಯ ಮುಖ ಕೆಂಪಾಯಿತು. "ಡಾಕ್ಟ್ರೇ, ನಾನು ಲಿಫ್ಟ್ ನೋಡ್ಕೊಳ್ಳೋನು. ಚಪ್ಪಲಿ ಅಂಗಡಿಯವನು ಬರಿಗಾಲಲ್ಲಿ ತಿರುಗಾಡಿದ್ರೆ ಯಾರು ಅಂಗಡಿಗೆ ಬರ್ತಾರೆ?"

"ಯಾರೂ ಇಲ್ಲದಾಗ ಹತ್ತಿ," ಎಂದು ಹೆಂಡತಿ ಡಾಕ್ಟರಮ್ಮನ ಪರವಾಗಿ ತೀರ್ಪು ಕೊಟ್ಟಳು.

ಮೇಸ್ತ್ರಿಗೆ ಮರ್ಯಾದೆಗಿಂತ ದೊಡ್ಡ ಹೆದರಿಕೆಯೊಂದಿತ್ತು. ಉಸಿರಿನ ತೊಂದರೆ ಇದೆಯೆಂದು ಮ್ಯಾನೇಜರಿಗೆ ಗೊತ್ತಾದರೆ ಏಣಿ ಹತ್ತುವ ಕೆಲಸ ಕಿತ್ತುಕೊಂಡು ಯಾವುದಾದರೂ ಬಾಗಿಲಲ್ಲಿ ಕೂರಿಸುತ್ತಾರೆ. ಆದ್ದರಿಂದ ಮರುದಿನ ಎಲ್ಲರಿಗಿಂತ ಮೊದಲೇ ಬಂದ. ಲಿಫ್ಟಿನ ಬಾಗಿಲು ತೆರೆದೇ ಇತ್ತು. ಒಳಗೆ ದೀಪ ಬೆಳಗುತ್ತಿತ್ತು, ತಾನೇ ಒರೆಸಿದ ಕನ್ನಡಿ ಫಳಫಳ ಎನ್ನುತ್ತಿತ್ತು. ಅದರ ಮುಂದೆ ನಿಂತು ಒಳಗೆ ಆಸೆಯಿಂದ ಇಣುಕಿ, ಉದ್ದನೆಯ ನಿಟ್ಟುಸಿರು ಬಿಟ್ಟು, ತಲೆ ಅಲ್ಲಾಡಿಸಿ, ಮೆಟ್ಟಿಲ ಕಡೆಗೆ ತಿರುಗಿದ.

ಮುಂಬಾಗಿಲ ಮೇಜಿನ ಹಿಂದೆ, ಬಿದ್ದ ಪೆನ್ನು ಹುಡುಕುತ್ತ ಬಗ್ಗಿದ್ದ ಸ್ವಾಗತಕಾರಿಣಿ ಇದನ್ನೆಲ್ಲ ನೋಡಿದಳು. ಬಂದವರನ್ನು ಕೂರಿಸುವುದು, ಫೋನ್ ಎತ್ತುವುದು ಅವಳ ಕೆಲಸ. ಕಚೇರಿಯಲ್ಲಿ ಅವಳ ಅಡ್ಡಹೆಸರು ರೇಡಿಯೊ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಏಳು ಮಹಡಿಗೂ ಸುದ್ದಿ ಮುಟ್ಟಿತ್ತು. ಮೇಸ್ತ್ರಿ ಲಿಫ್ಟಿನೊಳಗೆ ಏನೋ ನೋಡಿದ. ನೋಡಿ ನಿಟ್ಟುಸಿರು ಬಿಟ್ಟ. ಬಿಟ್ಟು ಮೆಟ್ಟಿಲು ಹತ್ತಿದ. ಅದೂ ಯಾರು? ಚಹಾ ಕುಡಿಯೋಕೂ ಲಿಫ್ಟಲ್ಲಿ ಹೋಗೋ ಮನುಷ್ಯ!

ಒಬ್ಬಿಬ್ಬರು ಧೈರ್ಯ ಮಾಡಿ ಅವನನ್ನೇ ಕೇಳಿದರು. "ಯಾಕೆ ಮೇಸ್ತ್ರಿಗಳೇ, ಇವತ್ತು ಮೆಟ್ಟಿಲು?"

ಡಾಕ್ಟರ ವಿಷಯ ಹೇಳುವಂತಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡು, "ಏನಿಲ್ಲ, ಸುಮ್ಮನೆ," ಎಂದ.

ಅಷ್ಟೇ ಸಾಕಾಯಿತು. ಸುಮ್ಮನೆ ಅಂತೆ! ಲಿಫ್ಟಿನ ಹಗ್ಗ, ಗಾಲಿ, ನಟ್ಟು, ಬೋಲ್ಟು ಎಲ್ಲ ಕಂಡವನು ಸುಮ್ಮಸುಮ್ಮನೆ ಯಾಕೆ ಮೆಟ್ಟಿಲು ಹತ್ತುತ್ತಾನೆ? ಮರುದಿನದಿಂದ ಜನ ಲಿಫ್ಟಿನ ಮುಂದೆ ಬಂದು, ಒಳಗೆ ಇಣುಕಿ, ಅವನಂತೆಯೇ ನಿಟ್ಟುಸಿರು ಬಿಟ್ಟು ಮೆಟ್ಟಿಲು ಹಿಡಿದರು. ಲಿಫ್ಟು ಖಾಲಿ ಹೊಟ್ಟೆಯಲ್ಲಿ ಬಾಗಿಲು ತೆರೆಯುತ್ತ ಮುಚ್ಚುತ್ತ ನಿಂತಿತು. ಸಾಕಿದ ನಾಯಿಯನ್ನು ಊರವರು ಕಳ್ಳನಾಯಿ ಎಂದಷ್ಟು ಸಂಕಟ ಮೇಸ್ತ್ರಿಗೆ. ಆದರೆ ಬಾಯಿ ಬಿಟ್ಟರೆ ತನ್ನ ಗುಟ್ಟೇ ಹೊರಬೀಳುತ್ತದೆ. ಖಾಲಿ ಲಿಫ್ಟಿನ ಕನ್ನಡಿಯನ್ನೇ ಮತ್ತೆ ಮತ್ತೆ ಒರೆಸಿದ.

ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಬಿದ್ದವರು ಮ್ಯಾನೇಜರು. ಅವರ ಕೋಣೆ ಇದ್ದದ್ದು ಏಳನೆಯ ಮಹಡಿಯಲ್ಲಿ. ಮನುಷ್ಯ ಕೆಟ್ಟವರಲ್ಲ, ಬಾಯಿ ಮಾತ್ರ ಕೆಟ್ಟದ್ದು. ಬಂದ ಕೂಡಲೇ ಯಾರನ್ನಾದರೂ ಕರೆದು ಚೆನ್ನಾಗಿ ಬೈದರೇ ಅವರಿಗೆ ದಿನ ಶುರುವಾದಂತೆ. ಹೆಚ್ಚಾಗಿ ಅದು ಐದನೆಯ ಮಹಡಿಯ ಲೆಕ್ಕದ ಮೇಡಂ ಪಾಲಿಗೆ ಬರುತ್ತಿತ್ತು. ಅಂಥ ಮ್ಯಾನೇಜರು ಏದುಸಿರು ಬಿಡುತ್ತ ಏಳನೆಯ ಮಹಡಿ ತಲುಪಿ, ಕುರ್ಚಿಗೆ ಬಿದ್ದು, ಮೇಸ್ತ್ರಿಗೆ ಹೇಳಿ ಕಳಿಸಿದರು.

"ಲಿಫ್ಟಿಗೆ... ಏನಯ್ಯಾ... ಆಗಿದೆ?"

"ಏನೂ ಆಗಿಲ್ಲ ಸಾರ್. ಮಗು ಥರ ಇದೆ."

"ಮತ್ತೆ ನೀನ್ಯಾಕೆ... ಮೆಟ್ಟಿಲು ಹತ್ತೀಯ?"

ಮೇಸ್ತ್ರಿಯ ತಲೆಯೊಳಗೆ ಗಿರಗಿಟ್ಟಲೆ ತಿರುಗಿತು. "ಮೆಟ್ಟಿಲು ಸರಿಯಾಗಿದೆಯಾ ಅಂತ ನೋಡ್ತಿದ್ದೆ ಸಾರ್."

"ಮೆಟ್ಟಿಲಿಗೇನಯ್ಯಾ ಆಗುತ್ತೆ?"

"ಅಲ್ಲ ಸಾರ್, ಲಿಫ್ಟು ಅಕಸ್ಮಾತ್ ಕೈಕೊಟ್ರೆ ಜನ ಇಳೀಬೇಕಾದ್ದು ಅದರಲ್ಲೇ ತಾನೇ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮ್ಯಾನೇಜರು ಅವನನ್ನೇ ದಿಟ್ಟಿಸಿದರು. ಆ ಸಂಜೆ ಅವರು ಮನೆಗೆ ಹೋದದ್ದು ಮೆಟ್ಟಿಲಿನಲ್ಲೇ, ಕಂಬಿ ಹಿಡಿದುಕೊಂಡು.

ಅವರೇನೂ ಕೈಕಟ್ಟಿ ಕೂರಲಿಲ್ಲ. ಹೊರಗಿನಿಂದ ತಪಾಸಣೆಯವರನ್ನು ಕರೆಸಿದರು. ಅವರು ಬಂದು ಬಡಿದು, ತಟ್ಟಿ, ಎಣ್ಣೆ ಮೂಸಿ, ಲಿಫ್ಟು ಸುಸ್ಥಿತಿಯಲ್ಲಿದೆ ಎಂದು ಬರೆದುಕೊಟ್ಟರು. ಮ್ಯಾನೇಜರು ಅದನ್ನು ಪ್ರತಿ ಮಹಡಿಯಲ್ಲೂ ಲಿಫ್ಟಿನ ಪಕ್ಕ ಅಂಟಿಸಿದರು. ರೇಡಿಯೊ ಅದನ್ನು ಎರಡು ಸಲ ಓದಿ, "ಏನೂ ಆಗಿಲ್ಲ ಅಂದ್ರೆ ಏನೂ ಆಗಿಲ್ಲ ಅಂತ ಯಾಕೆ ಅಂಟಿಸ್ತಾರೆ?" ಎಂದಳು. ಅಲ್ಲಿಯವರೆಗೆ ಲಿಫ್ಟು ಬಿಡದೆ ಇದ್ದ ಇಬ್ಬರೂ ಮೆಟ್ಟಿಲಿಗೆ ಇಳಿದರು.

ಈ ನಡುವೆ ಯಾರೂ ಎಣಿಸದ ಒಂದು ಸಂಗತಿ ನಡೆದಿತ್ತು. ಕಚೇರಿಯಲ್ಲಿ ಬೆಳಗಿನ ಬೈಗುಳ ನಿಂತಿತ್ತು. ಏಳು ಮಹಡಿ ಹತ್ತಿ ಬಂದ ಮ್ಯಾನೇಜರಿಗೆ ಬೈಯುವ ಮನಸ್ಸಿದ್ದರೂ ಉಸಿರಿರುತ್ತಿರಲಿಲ್ಲ. ಲೆಕ್ಕದ ಮೇಡಂ ಕೈಯಲ್ಲಿ ಕಡತ ಹಿಡಿದು ತಲೆ ತಗ್ಗಿಸಿ ನಿಂತರೆ, ಅವರು "ಇದು... ಇದು..." ಎಂದು ಎರಡು ಸಲ ಬೆರಳೆತ್ತಿ, ನೀರು ಕುಡಿದು, "ಹೋಗ್ಲಿ ಬಿಡಿ," ಎನ್ನುತ್ತಿದ್ದರು. ಹತ್ತು ವರ್ಷದಿಂದ ಮೇಡಂ ಚೀಲದಲ್ಲಿ ತಲೆನೋವಿನ ಮಾತ್ರೆಯ ಡಬ್ಬಿ ಇಟ್ಟುಕೊಂಡು ಬರುತ್ತಿದ್ದಳು. ಈಗ ಆ ಡಬ್ಬಿಯಲ್ಲಿ ಹುರಿಗಡಲೆ ಬಂದಿತ್ತು.

ಮೇಸ್ತ್ರಿಗೂ ಒಳಗೊಳಗೇ ಬದಲಾವಣೆ. ಒಂದು ಮಹಡಿ ಎರಡಾಗಿ, ಎರಡು ಮೂರಾಗಿತ್ತು. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಒಂದು ಕಿಟಕಿಯಿತ್ತು, ಅದರಿಂದ ಪಕ್ಕದ ಬೇಕರಿಯ ಹಿತ್ತಿಲು ಕಾಣುತ್ತಿತ್ತು. ಇಷ್ಟು ವರ್ಷ ಅದೇ ಕಟ್ಟಡದಲ್ಲಿದ್ದು ಆ ಕಿಟಕಿಗಳನ್ನು ಅವನು ನೋಡಿಯೇ ಇರಲಿಲ್ಲ. ಮೆಟ್ಟಿಲಿನಲ್ಲಿ ಸಿಕ್ಕವರೆಲ್ಲ ಮಾತಾಡಿಸುತ್ತಿದ್ದರು. ಲಿಫ್ಟಿನಲ್ಲಾದರೆ ಜನ ಮಹಡಿಯ ಸಂಖ್ಯೆಯನ್ನು ದೇವರಂತೆ ನೋಡುತ್ತ ನಿಂತಿರುತ್ತಾರೆ, ಪಕ್ಕದವರ ಮುಖ ನೋಡುವುದಿಲ್ಲ.

ಅಷ್ಟರಲ್ಲಿ ಮ್ಯಾನೇಜರಿಗೆ ಹೊಸ ಉಪಾಯ ಹೊಳೆಯಿತು.

"ನಾಳೆಯಿಂದ ನೀನು ದಿನವಿಡೀ ಲಿಫ್ಟಿನೊಳಗೇ ನಿಲ್ಲು. ಮೇಲೆ ಹೋಗು, ಕೆಳಗೆ ಬಾ. ಜನ ನೋಡಲಿ."

"ಬೇರೆ ಕೆಲಸ ಇದೆ ಸಾರ್. ಬಾಗಿಲಿನ ಸ್ವಿಚ್ಚುಗಳನ್ನ ವಾರವಾರ ಒರೆಸಬೇಕು, ಧೂಳು ಕೂತ್ರೆ..."

"ಅದೆಲ್ಲ ಆಮೇಲೆ. ನಿಲ್ಲು. ನಗ್ತಾ ನಿಲ್ಲು."

ಅಪ್ಪಣೆ ಮೀರುವಂತಿಲ್ಲ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲಿಫ್ಟಿನೊಳಗೆ ನಗುತ್ತ ನಿಂತ. ಅವನ ಮುಖಕ್ಕೆ ನಗು ಅಭ್ಯಾಸವಿರಲಿಲ್ಲ. ಹಲ್ಲು ಕಂಡವೇ ಹೊರತು ಕಣ್ಣು ಬೆದರಿದ ಹಾಗೇ ಇತ್ತು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ಅದನ್ನು ಕಂಡ ಗುಮಾಸ್ತರೊಬ್ಬರು, "ಇಲ್ಲ ಇಲ್ಲ, ನೀವು ಹೋಗಿ," ಎಂದು ಹಿಂದೆ ಹಿಂದೆ ಸರಿದರು.

ಆದರೆ ಹೊಸಬರು ನಾಲ್ಕು ಜನ ಹತ್ತಿದರು. ಮರುದಿನ ಇನ್ನೂ ಕೆಲವರು. ಹೀಗೇ ಆದರೆ ಮ್ಯಾನೇಜರೂ ಹತ್ತುವುದು ಖಂಡಿತ. ಐದನೆಯ ಮಹಡಿಯಲ್ಲಿ ಆತಂಕ ಹಬ್ಬಿತು. ಊಟದ ಹೊತ್ತಿನಲ್ಲಿ ರೇಡಿಯೊ ಮತ್ತು ಲೆಕ್ಕದ ಮೇಡಂ ಇಬ್ಬರೂ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟು ಮೇಸ್ತ್ರಿಯನ್ನು ತಡೆದರು.

"ಅಣ್ಣಾ, ಒಂದು ಉಪಕಾರ ಆಗಬೇಕು," ಎಂದಳು ರೇಡಿಯೊ, ಮೊದಲ ಬಾರಿಗೆ ಮೆಲುದನಿಯಲ್ಲಿ. "ನಗೋದು ನಗಿ. ನಗ್ತಾ ನಗ್ತಾ ಒಂದ್ಸಲ ಮೇಲೆ ನೋಡಿ."

"ಯಾಕಮ್ಮಾ?"

"ಸುಮ್ಮನೆ," ಎಂದಳು ಲೆಕ್ಕದ ಮೇಡಂ. "ಮೇಲೆ ಹಗ್ಗ ಇರುತ್ತಲ್ಲ, ಅದರ ಸದ್ದು ಕೇಳಿಸ್ಕೊಳ್ಳೋ ಹಾಗೆ. ಸುಳ್ಳು ಹೇಳೋದು ಬೇಡ. ಬರೀ ನೋಡಿ."

ಮ್ಯಾನೇಜರ ಉಸಿರಿನ ಕಥೆಯನ್ನು ಇಬ್ಬರೂ ಸೇರಿ ಹೇಳಿದರು. ಮೇಸ್ತ್ರಿ ಗಂಭೀರವಾಗಿ ಕೇಳಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಬಾಗಿಲು ಮುಚ್ಚಿ ಲಿಫ್ಟು ಮೇಲೆ ಹೋದರೂ ಅವನ ನಗು ಕೆಳಗಿನವರೆಗೆ ಕೇಳಿಸುತ್ತಿತ್ತು. ಅಂದಿನಿಂದ ಬಾಗಿಲು ತೆರೆದಾಗಲೆಲ್ಲ ಅವನು ಹಲ್ಲು ಬಿಟ್ಟು, ಕಿವಿ ನಿಮಿರಿಸಿ, ಮೆಲ್ಲಗೆ ಕಣ್ಣೆತ್ತಿ ಚಾವಣಿ ನೋಡುತ್ತಿದ್ದ. ಮೂರೇ ದಿನದಲ್ಲಿ ಲಿಫ್ಟು ಮತ್ತೆ ಖಾಲಿ.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ನಗಲಿಲ್ಲ. "ಊರೆಲ್ಲ ಮೆಟ್ಟಿಲು ಹತ್ತಿಸಿ ನೀವು ಮಾತ್ರ ದಿನವಿಡೀ ಲಿಫ್ಟಲ್ಲಿ ನಿಂತ್ರೆ ಏನು ಬಂತು?" ಎಂದಳು. ಅದೂ ನಿಜವೇ. ಅಂದಿನಿಂದ ಕೆಲಸ ಮುಗಿದ ಮೇಲೆ, ಎಲ್ಲರೂ ಹೋದ ನಂತರ, ಅವನು ಏಳೂ ಮಹಡಿ ಒಮ್ಮೆ ಹತ್ತಿಳಿದು ಮನೆಗೆ ಬರತೊಡಗಿದ. ಯಾರೂ ಹೇಳದೆ ಅವನೇ ಮಾಡಿಕೊಂಡ ಮೊದಲ ಅಭ್ಯಾಸ ಅದು.

ಕೊನೆಗೆ ಮ್ಯಾನೇಜರ ಪಿತ್ತ ನೆತ್ತಿಗೇರಿತು. ಒಂದು ಮಧ್ಯಾಹ್ನ ಅವರು ನೆಲಮಹಡಿಗೆ ಎಲ್ಲರನ್ನೂ ಕರೆಸಿ, "ನೋಡಿ, ನಾನೇ ಹೋಗ್ತೀನಿ!" ಎಂದು ಎದೆಯುಬ್ಬಿಸಿ ಲಿಫ್ಟಿನೊಳಗೆ ಕಾಲಿಟ್ಟರು. ಬಾಗಿಲು ಮುಚ್ಚುವ ಮುನ್ನ ಮೇಸ್ತ್ರಿ ಅಭ್ಯಾಸಬಲದಿಂದ ಮೇಲೆ ನೋಡಿದ. ನೆರೆದವರಲ್ಲಿ ಯಾರೋ "ಅಯ್ಯೋ" ಎಂದರು.

ಮೊದಲ ಮಹಡಿ ದಾಟಿತು, ಎರಡು, ಮೂರು, ನಾಲ್ಕು. ಆಮೇಲೆ ಲಿಫ್ಟು ಒಮ್ಮೆ ಬಿಕ್ಕಳಿಸಿ ನಿಂತುಬಿಟ್ಟಿತು.

ಇದರಲ್ಲಿ ಯಾರ ಕೈವಾಡವೂ ಇರಲಿಲ್ಲ. ಅಷ್ಟು ದಿನ ಒರೆಸದ ಬಾಗಿಲಿನ ಸ್ವಿಚ್ಚಿಗೆ ಧೂಳು ಕೂತಿತ್ತು. ಬಾಗಿಲು ತೆರೆದಿದೆಯೆಂದು ತಿಳಿದು ಯಂತ್ರ ತಾನಾಗಿ ನಿಂತಿತ್ತು. ಮೇಸ್ತ್ರಿಗೆ ಇದು ಕೂಡಲೇ ಹೊಳೆಯಿತು. ಮ್ಯಾನೇಜರಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು.

"ಸರಿ ಮಾಡಯ್ಯಾ!"

"ಮೇಲಿನ ಕೋಣೆಗೆ ಹೋಗ್ಬೇಕು ಸಾರ್. ಹೋಗೋನು ನಾನು. ನಾನು ಇಲ್ಲಿದ್ದೀನಿ."

ಮ್ಯಾನೇಜರು ಟೈ ಸಡಿಲಿಸಿ ನೆಲದ ಮೇಲೆ ಕೂತರು. ಮುಖ ಬಿಳಿಚಿಕೊಂಡಿತ್ತು. ಆ ಮುಖ ನೋಡಿ ಮೇಸ್ತ್ರಿಗೆ ಇನ್ನು ಸುಳ್ಳು ಸಾಕೆನಿಸಿತು. ಅವನೂ ಎದುರಿಗೆ ಕೂತ.

"ಸಾರ್, ಲಿಫ್ಟಿಗೆ ಏನೂ ಆಗಿರಲಿಲ್ಲ. ಆಗಿದ್ದು ನನಗೆ. ಏಣಿ ಮೇಲೆ ಉಸಿರು ಕಟ್ಟಿತ್ತು. ಡಾಕ್ಟ್ರು ಮೆಟ್ಟಿಲು ಹತ್ತು ಅಂದ್ರು. ನಿಮಗೆ ಗೊತ್ತಾದ್ರೆ ಕೆಲಸದಿಂದ ತೆಗೀತೀರ ಅಂತ ಬಾಯಿ ಮುಚ್ಕೊಂಡಿದ್ದೆ."

ಮ್ಯಾನೇಜರು ಕಣ್ಣು ಕಣ್ಣು ಬಿಟ್ಟರು. ಬಾಯಿ ತೆರೆದರು. ಬೈಗುಳದ ಪೂರ್ತಿ ಸಾಲೊಂದು ಗಂಟಲಿನವರೆಗೆ ಬಂದದ್ದು ಮೇಸ್ತ್ರಿಗೆ ಕಾಣಿಸಿತು. ಆದರೆ ಅದು ಹೊರಗೆ ಬರಲಿಲ್ಲ.

"ಇಷ್ಟೇನಾ?" ಎಂದರು ಕೊನೆಗೆ. "ಇಷ್ಟಕ್ಕೆ ನಾನು ಇಷ್ಟು ದಿನ ಮೆಟ್ಟಿಲು ಹತ್ತಿ ಸತ್ತೆನಾ?" ಆಮೇಲೆ ದನಿ ತಗ್ಗಿಸಿ, "ಒಂದು ಮಾತು. ಯಾರಿಗೂ ಹೇಳ್ಬೇಡ. ಈ ಮೆಟ್ಟಿಲು ಶುರುವಾದ ಮೇಲೆ ನನಗೆ ನಿದ್ದೆ ಬರ್ತಿದೆ ಕಣಯ್ಯಾ. ದಿಂಬಿಗೆ ತಲೆ ಕೊಟ್ರೆ ಸಾಕು. ಎಷ್ಟು ವರ್ಷ ಆಗಿತ್ತು ಗೊತ್ತಾ?"

"ಮತ್ತೆ ಲಿಫ್ಟಿಗೆ ಜನ ಹತ್ತಿಸೋಕೆ ಯಾಕೆ ಅಷ್ಟು ಒದ್ದಾಡಿದ್ರಿ ಸಾರ್?"

"ಮ್ಯಾನೇಜರು ಅಂದ ಮೇಲೆ ಒದ್ದಾಡಬೇಕಲ್ಲಯ್ಯಾ!"

ಹೊರಗೆ ಗದ್ದಲ ಕೇಳಿಸಿತು. ಮೆಟ್ಟಿಲಿನಿಂದ ಓಡಿಬಂದವರು ಐದನೆಯ ಮಹಡಿಯಲ್ಲಿ ಬಾಗಿಲು ಬಡಿಯುತ್ತಿದ್ದರು. ಮೇಸ್ತ್ರಿ ಎದ್ದು ಲಿಫ್ಟು ನಿಲ್ಲಿಸುವ ಗುಂಡಿ ಒತ್ತಿ, ಒಳಬಾಗಿಲು ಸರಿಸಿದ. ಐದನೆಯ ಮಹಡಿಯ ನೆಲ ಅವನ ಎದೆಯ ಮಟ್ಟಕ್ಕಿತ್ತು. ಕೈ ಎತ್ತಿ ಹೊರಬಾಗಿಲಿನ ಕೊಂಡಿ ಬಿಡಿಸಿದ. ಬಾಗಿಲು ತೆರೆಯಿತು, ರೇಡಿಯೊ ಮತ್ತು ಲೆಕ್ಕದ ಮೇಡಂ ಮುಖಗಳು ಕೆಳಗೆ ಬಗ್ಗಿದವು.

"ನಾನೂ ಬರ್ತೀನಿ," ಎಂದರು ಮ್ಯಾನೇಜರು.

"ಬೇಡ ಸಾರ್. ನನಗೆ ಇದು ಕೆಲಸ, ನಿಮಗೆ ಅಪಾಯ. ನೀವು ಇಲ್ಲೇ ಇರಿ. ಸ್ವಲ್ಪ ಕೈ ಕೊಡಿ."

ಮ್ಯಾನೇಜರು ಎರಡೂ ಅಂಗೈ ಜೋಡಿಸಿ ಬಗ್ಗಿದರು. ಮೇಸ್ತ್ರಿ ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಟ್ಟ. ಕೆಳಗಿನಿಂದ ಒಂದು ನರಳಾಟ, ಮೇಲಿನಿಂದ ಎರಡು ಕೈಗಳ ಎಳೆತ. ಹೊಟ್ಟೆ ಅಂಚಿಗೆ ಒಮ್ಮೆ ಸಿಕ್ಕಿಕೊಂಡಿತು, ಆಮೇಲೆ ಜಾರಿ ಹೊರಗೆ ಬಂತು. ಮೇಸ್ತ್ರಿ ಎದ್ದು ನಿಂತು, ಬಾಗಿಲು ಮತ್ತೆ ಮುಚ್ಚಿ, ಯಾರೊಡನೆಯೂ ಮಾತಾಡದೆ ಮೆಟ್ಟಿಲು ಹತ್ತಿದ. ಆರು, ಏಳು, ತಾರಸಿ. ಕಬ್ಬಿಣದ ಏಣಿಯ ಬಳಿ ನಿಲ್ಲಲೂ ಇಲ್ಲ. ಮೇಲಿನ ಕೋಣೆಯಲ್ಲಿ ವಿದ್ಯುತ್ ಕಡಿದು, ಬ್ರೇಕು ಸಡಿಲಿಸಿ, ದೊಡ್ಡ ಚಕ್ರವನ್ನು ಕೈಯಿಂದ ಇಂಚು ಇಂಚಾಗಿ ತಿರುಗಿಸಿದ. ತೋಳು ಉರಿಯಿತು, ಅಂಗಿ ಒದ್ದೆಯಾಯಿತು. ಕೆಳಗಿನಿಂದ "ಬಂತು! ಬಂತು!" ಎಂಬ ಕೂಗು ಕೇಳಿದ ಮೇಲೆಯೇ ಚಕ್ರ ಬಿಟ್ಟದ್ದು. ಆಗ ನೋಡಿಕೊಂಡರೆ ಉಸಿರು ಜೋರಾಗಿತ್ತು, ಆದರೆ ತನ್ನ ಹಿಡಿತದಲ್ಲೇ ಇತ್ತು. ಖುಷಿಗೆ ಮೋಟಾರನ್ನು ಕುದುರೆಯಂತೆ ಎರಡು ಸಲ ತಟ್ಟಿದ.

ಐದನೆಯ ಮಹಡಿಯಲ್ಲಿ ಲಿಫ್ಟಿನಿಂದ ಹೊರಬಂದ ಮ್ಯಾನೇಜರು ನೆರೆದವರನ್ನೆಲ್ಲ ಒಮ್ಮೆ ನೋಡಿ, ಟೈ ಬಿಗಿದುಕೊಂಡು, ಉಳಿದ ಎರಡು ಮಹಡಿಯನ್ನು ನಡೆದೇ ಹತ್ತಿದರು.

ಮೇಸ್ತ್ರಿಯನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಲಿಫ್ಟಿನೊಳಗೆ ನಗುವ ಕೆಲಸ ಮಾತ್ರ ತಪ್ಪಿತು. ಸ್ವಿಚ್ಚುಗಳನ್ನು ಒರೆಸಿದ ಮೇಲೆ ಲಿಫ್ಟು ಮೊದಲಿನಂತಾಯಿತು. ಕಾಲುನೋವಿನವರು, ಭಾರ ಹೊತ್ತವರು, ಅವಸರದವರು ಅದರಲ್ಲಿ ಹೋದರು. ಉಳಿದವರಲ್ಲಿ ಅರ್ಧ ಜನ ಲಿಫ್ಟಿಗೆ ಮರಳಿದರೆ ಅರ್ಧ ಜನ ಮೆಟ್ಟಿಲಲ್ಲೇ ಉಳಿದರು. ಹೆದರಿಕೆ ಹೋಗಿತ್ತು, ಕಾಲಿಗೆ ರೂಢಿ ಹತ್ತಿತ್ತು. ಬೆಳಿಗ್ಗೆ ಮೇಸ್ತ್ರಿ ಮತ್ತು ಮ್ಯಾನೇಜರು ಜೊತೆಯಲ್ಲೇ ಹತ್ತುವುದು ವಾಡಿಕೆಯಾಯಿತು. ನಾಲ್ಕನೆಯ ಮಹಡಿಯ ತಿರುವಿನಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ಇಬ್ಬರೂ ಕಿಟಕಿಯ ಹೊರಗೆ ಏನನ್ನೋ ಗಮನವಿಟ್ಟು ನೋಡುತ್ತಿರುವಂತೆ ನಟಿಸುತ್ತಿದ್ದರು.

ಕಷ್ಟವೆಂದರೆ, ಬರಬರುತ್ತ ಮ್ಯಾನೇಜರ ಉಸಿರೂ ಸುಧಾರಿಸಿತು. ಏಳನೆಯ ಮಹಡಿಯಲ್ಲೂ ಬೈಯುವಷ್ಟು ಗಾಳಿ ಉಳಿಯತೊಡಗಿತು. ಕಚೇರಿ ಮತ್ತೆ ಬೆದರಿತು. ರೇಡಿಯೊ ಓಡಿಬಂದು ಮೇಸ್ತ್ರಿಯ ಕಿವಿ ಕಚ್ಚಿದಳು. ಮರುದಿನ ಕಿಟಕಿಯ ಬಳಿ ಅವನು ಗಂಟಲು ಸರಿಮಾಡಿಕೊಂಡ.

"ಸಾರ್, ನಮ್ಮ ಡಾಕ್ಟ್ರು ಇನ್ನೊಂದು ಹೇಳಿದಾರೆ. ಮೆಟ್ಟಿಲು ಹತ್ತಿದ ಮೇಲೆ ಯಾರಿಗಾದ್ರೂ ಒಂದು ಒಳ್ಳೆ ಮಾತು ಹೇಳ್ಬೇಕಂತೆ. ಒಂದೇ ಒಂದು. ರಕ್ತದೊತ್ತಡಕ್ಕೆ ಒಳ್ಳೇದಂತೆ."

ಡಾಕ್ಟರಮ್ಮ ಇಂಥದ್ದೇನನ್ನೂ ಹೇಳಿರಲಿಲ್ಲ.

"ಒಳ್ಳೆ ಮಾತಾ? ಯಾವ ವಿಷಯಕ್ಕೆ?"

"ಯಾವುದಾದ್ರೂ ಚಿಕ್ಕದು ಸಾರ್. ದೊಡ್ಡದು ಬೇಡ. ಮುರಿದು ಬೀಳುತ್ತೆ."

ಮ್ಯಾನೇಜರು ಐದನೆಯ ಮಹಡಿಗೆ ಬಂದರು. ಲೆಕ್ಕದ ಮೇಡಂ ಕೂತಿದ್ದ ಮೇಜಿನ ಮುಂದೆ ಹೋಗಿ ನಿಂತರು. ಇಡೀ ಕೋಣೆಯ ಕೀಬೋರ್ಡುಗಳು ಸದ್ದು ನಿಲ್ಲಿಸಿದವು. ಅವರು ಎರಡು ಸಲ ಕೆಮ್ಮಿ, ಚಾವಣಿ ನೋಡಿ, ಕೈ ಹಿಂದೆ ಕಟ್ಟಿಕೊಂಡರು.

"ನಿಮ್ಮ... ಕೂಡಿಸೋದು, ಕಳೆಯೋದು... ಚೆನ್ನಾಗಿದೆ."

ಲೆಕ್ಕದ ಮೇಡಂ ಮುಖದಿಂದ ಬಣ್ಣ ಇಳಿದುಹೋಯಿತು. ನಿಧಾನವಾಗಿ ಎದ್ದು, ಮೇಜಿನ ಕೆಳಗಿನ ಖಾನೆ ಎಳೆದು, ಬಾಚಣಿಗೆ, ಕೊಡೆ, ಹುರಿಗಡಲೆ ಡಬ್ಬಿ ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದಳು.

"ಏನ್ ಮಾಡ್ತಿದ್ದೀರಿ ಮೇಡಂ?"

"ಪರವಾಗಿಲ್ಲ ಸಾರ್, ನೇರವಾಗಿ ಹೇಳಿ," ಎಂದಳು ಅವಳು, ಚೀಲದ ಬಾಯಿ ಬಿಗಿಯುತ್ತ. "ನನ್ನ ಕೆಲಸ ಇವತ್ತಿಂದಲೇ ಹೋಯ್ತಾ, ಇಲ್ಲ ತಿಂಗಳ ಕೊನೇವರೆಗೂ ಇರಬಹುದಾ?"